ರಂಗನತಿಟ್ಟಿನ ಹಕ್ಕಿಗಳೂ ಕಂಠೀರವರ ಕಟ್ಟೆಯೂ

ಶ್ರೀರಂಗಪಟ್ಟಣಕ್ಕೆ ಹೋಗಿಬಂದವರನ್ನು, ಅಲ್ಲಿ ಏನನ್ನು ಕಂಡಿರೆಂದು ಕೇಳಿದರೆ ಬರುವ ಉತ್ತರವು ಬಹುಮಟ್ಟಿಗೆ ಒಂದೇ: ರಂಗನಾಥಸ್ವಾಮಿಯ ಗುಡಿ, ದರಿಯಾ ದೌಲತ್, ಗುಂಬಜು, ಟಿಪ್ಪು ಸುಲ್ತಾನನು ಬಿದ್ದ ಸ್ಥಳ. 1799ನೆಯ ಮೇ 4ರ ಆ ಒಂದು ದಿನದ ವೃತ್ತಾಂತವನ್ನು ಗೆದ್ದವರು ಗ್ರಂಥಗಳಲ್ಲಿ ಬರೆದರು, ಚಿತ್ರಗಳಲ್ಲಿ ಬರೆಸಿದರು. ಅವರು ಬೆರಳಿಟ್ಟು ತೋರಿಸಿದ ಕಡೆಯನ್ನೇ ನಾವು ಇಂದಿಗೂ ನೋಡುತ್ತಿದ್ದೇವೆ. ಅದಕ್ಕೆ ನೂರೈವತ್ತು ವರ್ಷಗಳ ಹಿಂದೆ, ಅದೇ ಕಾವೇರಿಯಲ್ಲಿ ಊರಿಗೆ ಸ್ವಲ್ಪ ಮೇಲುಗಡೆ ನಮ್ಮವರೇ ಮಾಡಿದ ಒಂದು ಕಾರ್ಯವು ಈಗಲೂ ಫಲ ಕೊಡುತ್ತಿರುವುದನ್ನು ವಿಚಾರಿಸುವವರು ವಿರಳ.

1638ರಿಂದ 1659ರ ವರೆಗೆ ಮೈಸೂರನ್ನು ಆಳಿದ ಕಂಠೀರವ ನರಸರಾಜ ಒಡೆಯರ ಹೆಸರು, ಅವರು ಟಂಕಿಸಿದ ಕಂಠೀರಾಯ ಹಣದ ದೆಸೆಯಿಂದ ಲೆಕ್ಕಪತ್ರಗಳಲ್ಲಿ ಬಹುಕಾಲ ಉಳಿದಿತ್ತು. ಹಣದ ಚಲಾವಣೆ ನಿಂತುಹೋಯಿತು, ಕಟ್ಟೆಯು ನಿಂತಿದೆ. 1645-48ರ ಅವಧಿಯಲ್ಲಿ ಅವರು ಹೊಳೆಗೆ ಅಡ್ಡಲಾಗಿ ಕಟ್ಟೆ ಹಾಕಿಸಿದಾಗ ನೀರು ಹಿಂದಕ್ಕೆ ತುಂಬಿ, ಎತ್ತರವಾಗಿದ್ದ ನೆಲವು ನಡುಗಡ್ಡೆಗಳಾಗಿ ಉಳಿಯಿತು. ರಂಗನತಿಟ್ಟು ಎಂಬುದು ಇದೇ. ನದಿಯ ಒಂದು ಕವಲನ್ನು ಮೇಲುಗಾಲುವೆಯ ಮೂಲಕ ದಾಟಿ ಪಟ್ಟಣದ ದ್ವೀಪಕ್ಕೆ ನೀರನ್ನೊಯ್ಯುವ ಬಂಗಾರದೊಡ್ಡಿ ನಾಲೆಯೂ ಆ ಕಾಲದ್ದೆಂದೇ ಪ್ರತೀತಿ. ಹಕ್ಕಿಗಳಿಗೆಂದು ಯಾರೂ ಕಟ್ಟೆ ಕಟ್ಟಲಿಲ್ಲ, ಗದ್ದೆಗಳಿಗೆಂದು ಕಟ್ಟಿದರು. ಆದಾಗ್ಯೂ ಒಂದೇ ಕೆಲಸದಿಂದ ಹಕ್ಕಿಗೆ ಮನೆಯೂ ದೊರೆಯಿತು, ಅನ್ನವೂ ದೊರೆಯಿತು. ಬಾಯ್ಕಳಕ ಕೊಕ್ಕರೆಯನ್ನೇ ನೋಡಿರಿ: ಅದರ ಎರಡು ಕೊಕ್ಕುಗಳು ನಡುವೆ ಕೂಡುವುದಿಲ್ಲ, ಸಂದಿಯೊಂದು ತೆರೆದೇ ಇರುತ್ತದೆ. ಗದ್ದೆಯ ಕೆಸರಿನಲ್ಲಿ ಬಸವನಹುಳುವನ್ನು ಹಿಡಿದು, ಚಿಪ್ಪನ್ನು ಪುಡಿಮಾಡದೆ ಒಳಗಿನ ಮಾಂಸವನ್ನು ಬಿಡಿಸಿ ತಿನ್ನುವ ಆ ಜಾಣ್ಮೆಯನ್ನು ನಾಲೆಯ ಬಯಲಿನ ರೈತನು ದಿನವೂ ಕಂಡಿರಬಹುದು. ಓದಿದ ನಾವು ಕಂಡಿಲ್ಲ.

ಮೈಸೂರು ಸೀಮೆಯ ಪಕ್ಷಿಗಳನ್ನು ಪರಿಶೀಲಿಸಲು ಬಂದ ಸಲೀಂ ಅಲಿಯವರು ಈ ತಿಟ್ಟುಗಳ ಮಹತ್ವವನ್ನು ಸರ್ಕಾರಕ್ಕೆ ಮನಗಾಣಿಸಿದ ಮೇಲೆ, 1940ರಲ್ಲಿ ಇದು ರಕ್ಷಿತ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿ, ಕರ್ಣಾಟಕದಲ್ಲಿ ಆ ಗೌರವವನ್ನು ಪಡೆದ ಮೊದಲನೆಯ ಸ್ಥಳವೆನಿಸಿತು.

ಸುತ್ತಣ ಸೀಮೆಯಲ್ಲೆಲ್ಲ ಇದೇ ಕಥೆ. ಪಾಂಡವಪುರದ ಬಳಿಯ ತೊಣ್ಣೂರಿಗೆ ಜನರು ಕೆರೆಯ ತಿಳಿನೀರನ್ನು ನೋಡಲು ಹೋಗುತ್ತಾರೆ; ದೋರಸಮುದ್ರವು ಹಾಳಾದ ಬಳಿಕ ಹೊಯ್ಸಳ ರಾಜ್ಯವು ಕೆಲಕಾಲ ಉಸಿರು ಹಿಡಿದುಕೊಂಡದ್ದು ಇಲ್ಲಿಯೇ ಎಂಬುದು ನೆನಪಾಗುವುದಿಲ್ಲ. ಕೃಷ್ಣರಾಜಪೇಟೆಗೆ ಹಿಂದೆ ಅತ್ತಿಗುಪ್ಪೆ ಎಂಬ ಹೆಸರಿತ್ತು. ಹೊಸ ಹೆಸರಿನಲ್ಲಿ ಅರಸರು ಉಳಿದರು, ಅತ್ತಿಯ ಮರ ಹೋಯಿತು. ಅದೇ ತಾಲ್ಲೂಕಿನ ಹೊಸಹೊಳಲಿನಲ್ಲಿ, ಲಕ್ಷ್ಮೀನಾರಾಯಣನ ಗುಡಿಯ ಗೋಡೆಯ ಬುಡದಲ್ಲಿ ಹಂಸಗಳ ಸಾಲೊಂದನ್ನು ಶಿಲ್ಪಿಗಳು ಕಡೆದಿದ್ದಾರೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಂತೂ ತನ್ನ ಬ್ರಹ್ಮದೇವರ ಕಂಬವನ್ನು ಹೆಸರಿನಲ್ಲಿಯೇ ಇಟ್ಟುಕೊಂಡಿದೆ; ಅಷ್ಟಾದರೂ ಗಂಗರ ಕಾಲದ ಅಲ್ಲಿನ ಬಸದಿಯನ್ನು ಕಂಡ ಅಧಿಕಾರಿಗಳೆಷ್ಟು ಮಂದಿ? ರೈಸರು 1898ರಲ್ಲಿಯೇ ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಶಾಸನಗಳನ್ನು ಅಚ್ಚುಮಾಡಿಸಿದ್ದರಾದ್ದರಿಂದ ಸಾಧನವಿಲ್ಲವೆಂಬ ನೆಪವೂ ಸಲ್ಲದು.

ಇದೆಲ್ಲ ಬರಿಯ ಕುತೂಹಲದ ಮಾತಲ್ಲ. ರಂಗನತಿಟ್ಟಿಗೆ ಅನತಿದೂರದಲ್ಲಿ, ನದಿಯ ಮೇಲುಭಾಗದಲ್ಲಿ ಕೃಷ್ಣರಾಜಸಾಗರವಿದೆ. 1911ರಲ್ಲಿ ಆರಂಭವಾದ ಆ ಮಹಾಕಾರ್ಯದ ಉಪಕಾರವನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಅಲ್ಲಿಂದ ನೀರನ್ನು ಬಿರುಸಾಗಿ ಬಿಟ್ಟಾಗಲೆಲ್ಲ ಕೆಳಗಿನ ತಿಟ್ಟುಗಳು ಮುಳುಗುತ್ತವೆ, ಅಂಚುಗಳು ಕುಸಿಯುತ್ತವೆ; ಅರಣ್ಯ ಇಲಾಖೆಯವರು ಮರಳಿನ ಮೂಟೆಗಳನ್ನು ಒಟ್ಟಿ ಅವನ್ನು ಉಳಿಸಿಕೊಳ್ಳಬೇಕಾಗಿ ಬಂದಿದೆ. ರೀವಹಕ್ಕಿಯ ಪಾಡು ಎಲ್ಲಕ್ಕಿಂತ ಕಷ್ಟದ್ದು. ಅದು ಮರದಲ್ಲಿ ಗೂಡು ಕಟ್ಟುವುದಿಲ್ಲ. ಬೇಸಗೆಯಲ್ಲಿ ಹೊಳೆ ಇಳಿದಾಗ ಬರಿಯ ಬಂಡೆಯ ಮೇಲೆಯೇ ಮೊಟ್ಟೆ ಇಡುತ್ತದೆ. ನೀರು ಒಂದೆರಡು ಮೊಳ ಏರಿದರೆ ಸಾಕು, ಆ ವರ್ಷದ ಸಂತಾನವು ಹೊಳೆಯ ಪಾಲು.

ಬೆಳೆಗೂ ಊರುಗಳಿಗೂ ನೀರನ್ನು ಬಿಡಲೇಬೇಕು, ಒಪ್ಪತಕ್ಕದ್ದೇ. ಬಿಡುವ ಮೊದಲು ಪಕ್ಷಿಧಾಮದವರಿಗೆ ತಿಳಿಸಿ, ಮಾರ್ಚಿಯಿಂದ ಮೇ ವರೆಗಾದರೂ ಮಟ್ಟವನ್ನು ಒಮ್ಮೆಲೇ ಏರಿಸದೆ ಮೆಲ್ಲಮೆಲ್ಲನೆ ಏರಿಸುವುದು ನೀರಾವರಿಯ ಅಧಿಕಾರಿಗಳಿಗೆ ಅಸಾಧ್ಯವೇನಲ್ಲ. ಜೊತೆಗೆ, ದೋಣಿ ಹತ್ತಲು ಬರುವ ಜನರ ಕಣ್ಣಿಗೆ ಬೀಳುವಂತೆ, ಈ ತಿಟ್ಟುಗಳಿಗೆ ಕಾರಣವಾದ ಕಟ್ಟೆ ಯಾವುದು, ಯಾರ ಕಾಲದ್ದು ಎಂಬುದನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಕಲ್ಲಿನ ಮೇಲೆ ಬರೆಸಲಿ.