ಸ್ಲಾವ್ ಭಾಷೆಗಳಲ್ಲಿ ‘ವಿದ್’ ಧಾತು

ಪ್ರಾಗ್ ನಗರದ ಬೀದಿಯಲ್ಲಿ ದಾರಿ ಕೇಳಿದಾಗ ‘ವೀಮ್’ ಎಂಬ ಉತ್ತರ ದೊರೆತರೆ ‘ಬಲ್ಲೆನು’ ಎಂದರ್ಥ. ವಾರ್ಸಾದಲ್ಲಿ ಅದೇ ‘ವ್ಯೆಮ್’.

9ನೆಯ ಶತಮಾನದಲ್ಲಿ ಸಿರಿಲ್ ಮತ್ತು ಮೆಥೋಡಿಯಸ್ ಸೋದರರು ಕ್ರೈಸ್ತ ಧರ್ಮಗ್ರಂಥಗಳ ಭಾಷಾಂತರಕ್ಕಾಗಿ ಬಳಸಿದ ಪ್ರಾಚೀನ ಸ್ಲಾವೊನಿಕ್ ಭಾಷೆಯಲ್ಲಿ ಈ ಕ್ರಿಯಾಪದವು ‘ವೇಮಿ, ವೇಸಿ, ವೇಸ್ತು’ ಎಂದು ನಡೆಯುತ್ತಿದ್ದುದನ್ನು ನೋಡಿದರೆ, ಸಂಸ್ಕೃತದ ‘ವೇದ್ಮಿ, ವೇತ್ಸಿ, ವೇತ್ತಿ’ಗಳ ಪರಿಚಯವುಳ್ಳವರಿಗೆ ದೂರದ ದಾಯಾದಿಯೊಬ್ಬನನ್ನು ಕಂಡಂತಾಗದಿರದು. ‘ವಿದ್’ ಧಾತುವಿನ ಮೂಲಾರ್ಥ ‘ಕಾಣು’ ಎಂಬುದಾಗಿದ್ದು, ‘ಕಂಡಿದ್ದೇನೆ, ಆದುದರಿಂದ ಬಲ್ಲೆನು’ ಎಂಬ ಕ್ರಮದಲ್ಲಿ ದರ್ಶನವು ಜ್ಞಾನವಾಗಿ ಪರಿಣಮಿಸಿತು. ‘ನಾನರಿಯೆ’ ಎಂಬುದಕ್ಕೆ ‘ನಾ ಕಾಣೆ’ ಎನ್ನುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಚೆಕ್ಕರು ಇಂದಿಗೂ ‘ವೀಮ್, ವೀಷ್, ವೀ’ ಎನ್ನುತ್ತಾರೆ. ಆದರೆ ಬಹುವಚನದ ‘ವ್ಯೆದೀ’, ಅಂದರೆ ‘ಅವರು ಬಲ್ಲರು’, ಎಂಬ ರೂಪದಲ್ಲಿ ಮಾತ್ರ ಲುಪ್ತವಾಗಿದ್ದ ದಕಾರವು ಥಟ್ಟನೆ ತಲೆಯೆತ್ತುತ್ತದೆ. ರಷ್ಯನ್ ಭಾಷೆಯಲ್ಲಾದರೋ, ‘ಜ್ಞಾ’ ಧಾತುವಿನ ಬಂಧುವಾದ ‘ಜ್ನಾತ್’ ಈ ಸ್ಥಾನವನ್ನಾಕ್ರಮಿಸಿದ್ದು, ಹಳೆಯ ರೂಪವು ‘ಬೋಗ್ ವ್ಯೆಸ್ತ್’, ಎಂದರೆ ‘ದೇವರೇ ಬಲ್ಲ’, ಎಂಬಂಥ ನುಡಿಗಟ್ಟುಗಳಲ್ಲಿ ಉಳಿದಿದೆ.

ರಷ್ಯನ್ ಭಾಷೆಯಲ್ಲಿ ಕರಡಿಗಿರುವ ‘ಮೆದ್ವೇದ್’ ಎಂಬ ಹೆಸರನ್ನು ‘ಜೇನನ್ನು ಬಲ್ಲವನು’ ಎಂದು ಇದೇ ಧಾತುವಿನಿಂದ ಬಿಡಿಸುವವರುಂಟು. ಕಲ್ಪನೆ ಸೊಗಸಾದರೂ ವ್ಯುತ್ಪತ್ತಿ ತಪ್ಪು. ಅದರ ನಿಜಾರ್ಥ ‘ಜೇನನ್ನು ತಿನ್ನುವವನು’.