ಸಸಿಗೆ ಬಿಸಿಲಿನ ಪೆಟ್ಟು: ಜೀವಕೋಶ ತನ್ನನ್ನು ಕಾಪಾಡಿಕೊಳ್ಳುವ ಬಗೆ

ನೆರಳಿನಲ್ಲಿ ಬೆಳೆಸಿದ ಟೊಮೇಟೊ, ಮೆಣಸಿನಕಾಯಿ ಸಸಿಗಳನ್ನು ಕಿತ್ತು ಒಮ್ಮೆಲೇ ಸುಡುಬಿಸಿಲಿನ ಹೊಲದಲ್ಲಿ ನಾಟಿ ಮಾಡಿದರೆ ಎಲೆಗಳು ಬಿಳಿಚಿಕೊಂಡು ಅನೇಕ ಸಸಿಗಳು ಸಾಯುವುದುಂಟು. ಅದೇ ಸಸಿಗಳನ್ನು ಕೆಲವು ದಿನ ಬಿಸಿಲಿಗೆ ಒಗ್ಗಿಸಿ ನೆಟ್ಟರೆ ಬೇಗ ಚೇತರಿಸಿಕೊಳ್ಳುತ್ತವೆ. ನೀರಿನ ಕೊರತೆ, ಶಾಖ, ಗಾಳಿ ಇವು ಸಸಿ ಬಾಡಲು ಮುಖ್ಯ ಕಾರಣಗಳು. ಇವುಗಳ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಕಾರಣವಿದೆ. ಅದೇ ಬಿಸಿಲಿನಲ್ಲಿರುವ ಅತಿನೇರಳೆ ಕಿರಣ.

ಹಾನಿಯಾಗುವುದು ಹೇಗೆ?

ಅತಿನೇರಳೆ ಕಿರಣಗಳಲ್ಲಿ ಎ, ಬಿ, ಸಿ ಎಂದು ಮೂರು ಬಗೆ. ‘ಸಿ’ ಕಿರಣವನ್ನು ವಾಯುಮಂಡಲ ಪೂರ್ತಿ ತಡೆಯುತ್ತದೆ. 280ರಿಂದ 315 ನ್ಯಾನೋಮೀಟರ್ ಅಲೆಯುದ್ದದ ‘ಬಿ’ ಕಿರಣದ ಬಹುಭಾಗವನ್ನು ಓಝೋನ್ ಪದರ ಹೀರಿಕೊಂಡರೂ ಸ್ವಲ್ಪ ಭಾಗ ನೆಲ ಮುಟ್ಟುತ್ತದೆ. ಇದು ಜೀವಕೋಶದ ಡಿ.ಎನ್.ಎ. ಎಳೆಯಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಥೈಮಿನ್‌ಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಇಂತಹ ಬೆಸುಗೆ ಬಿದ್ದ ಕಡೆ ವಂಶವಾಹಿಯನ್ನು ಕೋಶ ಸರಿಯಾಗಿ ಓದಲಾರದು. ಬೆಸುಗೆಗಳು ಹೆಚ್ಚಾದರೆ ಕೋಶದ ಬೆಳವಣಿಗೆ ಕುಂದುತ್ತದೆ, ಕೊನೆಗೆ ಕೋಶ ಸಾಯಲೂಬಹುದು.

ಎಚ್ಚರಿಕೆ ಕೊಡುವವರು ಯಾರು?

ಗಿಡದ ಕೋಶದಲ್ಲಿ ಯು.ವಿ.ಆರ್.8 ಎಂಬ ಪ್ರೋಟೀನು ಜೋಡಿಜೋಡಿಯಾಗಿ ಇರುತ್ತದೆ. ‘ಬಿ’ ಕಿರಣ ತಾಕಿದೊಡನೆ ಜೋಡಿ ಬಿಡಿಯಾಗುತ್ತದೆ. ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ವಿಜ್ಞಾನಿಗಳು ಇದನ್ನು 2011ರಲ್ಲಿ ತೋರಿಸಿಕೊಟ್ಟರು. ಬಿಡಿಯಾದ ಪ್ರೋಟೀನು ಕಾಪ್1 ಎಂಬ ಇನ್ನೊಂದು ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಕತ್ತಲಲ್ಲಿ ಎಚ್.ವೈ.5 ಎಂಬುದನ್ನು ನಾಶಕ್ಕೆ ಗುರುತು ಮಾಡುವುದು ಈ ಕಾಪ್1ರ ಕೆಲಸ. ಅದು ಸಿಕ್ಕಿಬಿದ್ದ ಮೇಲೆ ಎಚ್.ವೈ.5 ಉಳಿದು ಕೋಶದಲ್ಲಿ ಹೆಚ್ಚುತ್ತದೆ.

ಎಚ್.ವೈ.5 ಒಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್. ಅಂದರೆ ವಂಶವಾಹಿಯ ಬಳಿ ಡಿ.ಎನ್.ಎ.ಗೆ ಅಂಟಿಕೊಂಡು, ಅದು ಕೆಲಸ ಮಾಡಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವ ಪ್ರೋಟೀನು. ತೂಬು ಎತ್ತಿ ಕಾಲುವೆಗೆ ನೀರು ಬಿಡುವ ನೀರುಗಂಟಿಯಂತೆ ಇದರ ಕೆಲಸ. ಇದು ಮುಖ್ಯವಾಗಿ ಎರಡು ತೂಬುಗಳನ್ನು ತೆರೆಯುತ್ತದೆ.

1. ಫ್ಲೇವನಾಯ್ಡ್ ತಯಾರಿಕೆ: ಈ ವಸ್ತುಗಳು ಎಲೆಯ ಹೊರಪದರದಲ್ಲಿ ಸೇರಿ ‘ಬಿ’ ಕಿರಣವನ್ನು ಹೀರಿಕೊಳ್ಳುತ್ತವೆ. ಆಹಾರ ತಯಾರಿಕೆಗೆ ಬೇಕಾದ ಬೆಳಕನ್ನು ಮಾತ್ರ ಒಳಗೆ ಬಿಡುತ್ತವೆ.

2. ದುರಸ್ತಿ ಕಿಣ್ವದ ತಯಾರಿಕೆ: ಫೋಟೋಲೈಯೇಸ್ ಎಂಬ ಈ ಕಿಣ್ವ ಹಗಲಿನ ನೀಲಿ ಬೆಳಕಿನ ಶಕ್ತಿಯಿಂದಲೇ ಥೈಮಿನ್ ಬೆಸುಗೆಯನ್ನು ಬಿಡಿಸುತ್ತದೆ. ಮನುಷ್ಯರಲ್ಲಿ ಈ ಕಿಣ್ವ ಇಲ್ಲ.

ರೈತರು ಗಮನಿಸಬೇಕಾದ ಅಂಶಗಳು

ಈ ರಕ್ಷಣೆ ಒಂದೇ ಗಳಿಗೆಯಲ್ಲಿ ಸಿದ್ಧವಾಗದು. ಹೊರಪದರದಲ್ಲಿ ಫ್ಲೇವನಾಯ್ಡ್ ತುಂಬಲು ಕಾಲಾವಕಾಶ ಬೇಕು. ಆದ್ದರಿಂದ:

* ನಾಟಿಗೆ 7ರಿಂದ 10 ದಿನ ಮೊದಲಿನಿಂದ ಸಸಿಮಡಿಯ ನೆರಳನ್ನು ಹಂತಹಂತವಾಗಿ ಕಡಿಮೆ ಮಾಡಬೇಕು. ಮೊದಲು ಬೆಳಗಿನ ಎಳೆಬಿಸಿಲು, ನಂತರ ಪೂರ್ಣ ಬಿಸಿಲು.

* ಇದೇ ಸಮಯದಲ್ಲಿ ನೀರನ್ನೂ ಸ್ವಲ್ಪ ಕಡಿಮೆ ಮಾಡಬೇಕು. ಸಸಿ ಬಾಡುವಷ್ಟು ಒಣಗಿಸಬಾರದು.

* ನಾಟಿಯನ್ನು ಸಂಜೆ ಅಥವಾ ಮೋಡವಿರುವ ದಿನ ಮಾಡುವುದು ಒಳ್ಳೆಯದು.

* ಕಾಯಿಕೊರಕದ ಹತೋಟಿಗೆ ಬಳಸುವ ಎನ್.ಪಿ.ವಿ. ನಂಜಾಣು ಅತಿನೇರಳೆ ಕಿರಣದಿಂದ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಆದುದರಿಂದ ಅದನ್ನೂ ಸಂಜೆಯೇ ಸಿಂಪಡಿಸಬೇಕು.

ಸಸಿಯನ್ನು ಬಿಸಿಲಿಗೆ ಒಗ್ಗಿಸುವ ಈ ಕೆಲಸಕ್ಕೆ ಹೆಚ್ಚಿನ ಖರ್ಚಿಲ್ಲ. ಒಂದು ವಾರದ ತಾಳ್ಮೆ ಇದ್ದರೆ ಸಾಕು, ಮತ್ತೆ ಸಸಿ ಕೊಂಡು ನೆಡುವ ಕಷ್ಟ ಬಹುಮಟ್ಟಿಗೆ ತಪ್ಪುತ್ತದೆ.