ಎರಡಾಣೆಯ ಲೆಕ್ಕ

ಮಗ ಸ್ವಂತ ಉದ್ಯಮ ಆರಂಭಿಸಿದ್ದಾನೆ, ಬಂದು ಆಶೀರ್ವದಿಸಬೇಕು ಎಂದು ಕೇಳಿಕೊಳ್ಳುವ ತಂದೆತಾಯಂದಿರನ್ನು ನಾವು ಧರ್ಮಕೇಂದ್ರಗಳಲ್ಲಿ ಆಗಾಗ ಕಾಣುತ್ತೇವೆ. ಎರಡು ಮೂರು ವರ್ಷಗಳ ತರುವಾಯ ಅಂತಹ ಮನೆಗಳಿಂದಲೇ ಬೇರೊಂದು ಬಗೆಯ ಮಾತು ಕೇಳಿಬರುತ್ತದೆ. ವ್ಯಾಪಾರವೇನೋ ಚೆನ್ನಾಗಿದೆ ಫಾದರ್, ಆದರೆ ಕೆಲಸದವರು ನಿಲ್ಲುವುದಿಲ್ಲ, ಕೈಯಲ್ಲಿ ಕಾಸಿಲ್ಲ, ಮನೆಯಲ್ಲಿ ಮಾತುಕತೆಯೇ ಇಲ್ಲ. ನಷ್ಟದಿಂದ ಮುರಿದ ಮನೆಗಳಿಗಾಗಿ ಎಲ್ಲರೂ ಮರುಗುತ್ತಾರೆ. ಉದ್ಯಮ ಬೆಳೆದುದರಿಂದಲೇ ಬಿರುಕುಬಿಟ್ಟ ಮನೆಗಳ ಕುರಿತು ಅಷ್ಟಾಗಿ ಯಾರೂ ಆಲೋಚಿಸುವುದಿಲ್ಲ.

ಉದ್ಯಮ ಬೆಳೆದಾಗ ಅದನ್ನು ನಡೆಸುವವನ ಕೆಲಸವೇ ಬೇರೆಯಾಗುತ್ತದೆ. ಅರಿಸ್ಟಾಟಲನನ್ನು ಅನುಸರಿಸಿ ಸಂತ ತೋಮಸ್ ಅಕ್ವಿನಾಸರು, ವಸ್ತುವನ್ನು ಸರಿಯಾಗಿ ನಿರ್ಮಿಸುವ ಕೌಶಲವನ್ನೂ ಮಾಡತಕ್ಕ ಕಾರ್ಯವನ್ನು ಸರಿಯಾಗಿ ನಿರ್ಣಯಿಸುವ ವಿವೇಕವನ್ನೂ ಎರಡು ಬೇರೆ ಗುಣಗಳೆಂದು ಎಣಿಸಿದರು. ಉತ್ತಮ ಬಡಗಿಯಲ್ಲಿ ಮೊದಲನೆಯದು ಇದ್ದೇ ಇರುತ್ತದೆ. ಹತ್ತು ಮಂದಿ ಬಡಗಿಗಳು ಅವನ ಕೈಕೆಳಗೆ ಬಂದ ದಿನ ಬೇಕಾಗುವುದು ಎರಡನೆಯದು. ಅದನ್ನು ಇನ್ನೂ ಕಲಿಯದವನು ಪ್ರತಿಯೊಂದು ಕುರ್ಚಿಯ ಕಾಲನ್ನೂ ತಾನೇ ಮುಟ್ಟಿ ನೋಡುತ್ತಾನೆ. ಸಾಕಾಗಿಹೋದ ದಿನ ಎಲ್ಲವನ್ನೂ ಭಾವಮೈದುನನಿಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತಾನೆ. (ಭಾವಮೈದುನಂದಿರು ನಮ್ಮನ್ನು ಮನ್ನಿಸಲಿ.)

ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಅದನ್ನು ಅರಸಲು ದೂರ ಹೋಗಬೇಕಿಲ್ಲ, ಉಡುಪಿಗೆ ಹೋದರೆ ಸಾಕು. ಮಂಗಳೂರಿನ ಕಥೋಲಿಕರು 1912ರಲ್ಲಿಯೇ ತಮ್ಮದೊಂದು ಸಹಕಾರಿ ಬ್ಯಾಂಕನ್ನು ಕಟ್ಟಿಕೊಂಡಿದ್ದರು. 1925ರಲ್ಲಿ ಉಡುಪಿಯ ಮೂವರು ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು 8,000 ರೂಪಾಯಿ ಬಂಡವಾಳದೊಡನೆ ಸ್ಥಾಪಿಸಿದರು. ಉಪೇಂದ್ರ ಅನಂತ ಪೈಗಳು ವರ್ತಕರು, ವಾಮನ ಶ್ರೀನಿವಾಸ ಕುಡ್ವರು ಎಂಜಿನಿಯರರು, ತೋನ್ಸೆ ಮಾಧವ ಅನಂತ ಪೈಗಳು ವೈದ್ಯರು. ಸಂಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಆರಂಭದ ಉದ್ದೇಶ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು ಇದೇ ಸಂಸ್ಥೆ.

1928ರಲ್ಲಿ ಬ್ರಹ್ಮಾವರದಲ್ಲಿ ಮೊದಲ ಶಾಖೆ ತೆರೆಯಿತು. ಪಿಗ್ಮಿ ಠೇವಣಿ ಮೊದಲಾದದ್ದೂ ಅದೇ ವರ್ಷ. ಸಂಗ್ರಾಹಕನು ದಿನಾಲೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಸ್ವೀಕರಿಸುವ ಯೋಜನೆಯಿದು. ದಿನಕ್ಕೆ ಎರಡಾಣೆಯಂತೆ ಮೂವತ್ತು ದಿನಕ್ಕೆ ಮೂರು ರೂಪಾಯಿ ಹನ್ನೆರಡಾಣೆ. ಬಡವನ ಪಾಲಿಗೆ ಅದು ಉಳಿತಾಯ. ಸಂಸ್ಥೆಯನ್ನು ನಡೆಸುವವರ ಪಾಲಿಗೆ ಅದೊಂದು ಪರೀಕ್ಷೆ. ಪರರ ಹಣ, ಪರರ ಚೀಲದಲ್ಲಿ, ತಮ್ಮ ಕಣ್ಣಿಗೆ ಕಾಣದ ಓಣಿಗಳಲ್ಲಿ ಸಂಚರಿಸುತ್ತದೆ. ಸಂಗ್ರಾಹಕನ ಬೆನ್ನ ಹಿಂದೆ ದಿನವಿಡೀ ಅಲೆಯುವುದು ಆಗದ ಮಾತು. ಪಿಗ್ಮಿ ಕಟ್ಟಿ ಬಲ್ಲವರಿಗೆ ಅಲ್ಲಿನ ಏರ್ಪಾಡು ತಿಳಿದೇ ಇದೆ. ಕೊಟ್ಟ ಹಣ ಕೊಟ್ಟವನ ಕಣ್ಣೆದುರಿಗೇ ಬರಹಕ್ಕೆ ಇಳಿಯುತ್ತದೆ, ಸಂಗ್ರಹಿಸಿದವನಿಗೆ ಸಂಗ್ರಹಕ್ಕೆ ತಕ್ಕ ಕಮಿಷನ್ ಸಿಗುತ್ತದೆ. ಪ್ರಾಮಾಣಿಕನಿಗೆ ಇದರಿಂದ ಅವಮಾನವಿಲ್ಲ, ದುರ್ಬಲನಿಗೆ ಪ್ರಲೋಭನೆ ಕಡಿಮೆ. ಅಳಿಯನನ್ನೋ ತಮ್ಮನನ್ನೋ ಗಲ್ಲಾಪೆಟ್ಟಿಗೆಯ ಮುಂದೆ ಕುಳ್ಳಿರಿಸಿ, ಲೆಕ್ಕ ಕೇಳಲು ಮುಜುಗರಪಟ್ಟು, ವರ್ಷದ ಕೊನೆಗೆ ಸಂಶಯಪಟ್ಟು ಸಂಬಂಧ ಕಡಿದುಕೊಳ್ಳುವ ನಮ್ಮ ಕುಟುಂಬಗಳು ಇದನ್ನು ಸಾವಧಾನವಾಗಿ ಪರಿಶೀಲಿಸಬೇಕು. ದಿನದ ಲೆಕ್ಕ ದಿನವೇ ಕೇಳುವ ಮನೆಯಲ್ಲಿ ಸಂಶಯಕ್ಕೆ ವರ್ಷಗಟ್ಟಲೆ ಬಲಿಯುವ ಅವಕಾಶವಿಲ್ಲ.

ಇನ್ನು ಕೈಯಲ್ಲಿ ಕಾಸಿಲ್ಲವೆಂಬ ದೂರು. ಇದು ಹಲವರಿಗೆ ಒಗಟಾಗಿಯೇ ಉಳಿದಿದೆ. ಒಂದು ಲಕ್ಷ ರೂಪಾಯಿಯ ಪೀಠೋಪಕರಣದ ಬೇಡಿಕೆ ಬಂತೆನ್ನೋಣ. ಮರ ಮತ್ತು ಕೂಲಿಗೆ ಎಂಬತ್ತು ಸಾವಿರ ಇಂದೇ ಹೋಗುತ್ತದೆ, ಬಿಲ್ಲಿನ ಹಣ ಮೂರು ತಿಂಗಳ ಬಳಿಕ ಬರುತ್ತದೆ. ಬೇಡಿಕೆ ಇಮ್ಮಡಿಯಾದರೆ ಲಾಭವೂ ಇಮ್ಮಡಿ, ನಿಜ. ಆದರೆ ಅದಕ್ಕೂ ಮೊದಲು ಒಂದು ಲಕ್ಷ ಅರವತ್ತು ಸಾವಿರ ಹೊರಗೆ ಹೋಗಿರುತ್ತದೆ. ಹೀಗಾಗಿ ನಿಂತ ಅಂಗಡಿಗಿಂತ ಬೆಳೆಯುವ ಅಂಗಡಿಗೆ ಹಸಿವು ಹೆಚ್ಚು. ತಾಯಿಯ ಕರಿಮಣಿ ಅಡವಿಗೆ ಹೋಗುವುದು ಹಲವೊಮ್ಮೆ ಇಂತಹ ಲಾಭದ ದಿನಗಳಲ್ಲಿಯೇ. ಬಂದ ಬೇಡಿಕೆಯನ್ನೆಲ್ಲ ಒಪ್ಪಿಕೊಳ್ಳದಿರುವುದು, ಮುಂಗಡ ಕೇಳಲು ನಾಚದಿರುವುದು, ಇವೂ ವಿವೇಕದ ಕೆಲಸಗಳೇ.

ಹಣ ಸಾಲದ ತಿಂಗಳಲ್ಲಿ ಮೊದಲು ಯಾರಿಗೆ ಕೊಡಬೇಕೆಂಬ ಪ್ರಶ್ನೆ ಏಳುತ್ತದೆ. ಸಂತ ಎರಡನೇ ಜಾನ್ ಪೌಲರು 1991ರ ತಮ್ಮ ವಿಶ್ವಪತ್ರದಲ್ಲಿ ಲಾಭಕ್ಕೆ ನ್ಯಾಯವಾದ ಸ್ಥಾನವಿದೆಯೆಂದು ಒಪ್ಪಿದರು. ಲೆಕ್ಕಪತ್ರಗಳು ಸರಿಯಾಗಿದ್ದೂ ದುಡಿಯುವವರ ಘನತೆಗೆ ಕುಂದು ಬರುವುದು ಸಾಧ್ಯವೆಂದೂ ಎಚ್ಚರಿಸಿದರು. ಸಂಬಳ ತಡವಾದರೆ ಕೆಲಸದವನ ಮನೆಯಲ್ಲಿ ಅಂದೇ ಅಕ್ಕಿ ತಪ್ಪುತ್ತದೆ. ಆದುದರಿಂದ ಕೂಲಿಯ ಹಣ ಮೊದಲು ಬೇರೆ ಇಡಬೇಕೆಂಬುದು ನಮ್ಮ ಅಭಿಪ್ರಾಯ. ಯಜಮಾನನೂ ತನಗೊಂದು ತಿಂಗಳ ಸಂಬಳವನ್ನು ನಿಗದಿ ಮಾಡಿ, ಪುಸ್ತಕದಲ್ಲಿ ಕೊನೆಯ ಸಾಲಾಗಿ ಬರೆದುಕೊಳ್ಳಲಿ. ಆ ಪುಸ್ತಕವನ್ನು ಹೆಂಡತಿಯೂ ಓದಲಿ.